ಎಳೆಯರ ಕೈಗೆ ಅಧಿಕಾರ

ಅಧಿಕಾರದ ಭಾರವನ್ನು ಬಲ್ಲ ತಂದೆಯು ಅದನ್ನು ತನ್ನ ಎಳೆಯ ಮಗನ ಹೆಗಲ ಮೇಲೆ ಹೊರಿಸಬಹುದೇ? ಹೊರಿಸಿದರೆ ಅದು ವಾತ್ಸಲ್ಯವೋ, ಕರ್ತವ್ಯಚ್ಯುತಿಯೋ? ಈ ಪ್ರಶ್ನೆಯು ಅರಸುಮನೆಗಳಿಗೆ ಮಾತ್ರ ಸೇರಿದುದಲ್ಲ; ಹೊಲವನ್ನೋ ಅಂಗಡಿಯನ್ನೋ ಮನೆತನದ ಹೆಸರನ್ನೋ ಮಕ್ಕಳಿಗೆ ಬಿಟ್ಟುಹೋಗಬೇಕಾದ ಪ್ರತಿಯೊಬ್ಬ ಗೃಹಸ್ಥನಿಗೂ ಸೇರಿದುದು. ಆದರೆ ಅರಸರ ಮನೆಯಲ್ಲಿ ಅದರ ಫಲವು ನಾಡಿಗೆಲ್ಲ ಕಾಣುವಷ್ಟು ದೊಡ್ಡದಾಗುವದರಿಂದ ವಿಚಾರವನ್ನು ಅಲ್ಲಿಂದಲೇ ತೊಡಗುವದು ಯುಕ್ತ.

ರೋಮದ ಚಕ್ರವರ್ತಿ ಮಾರ್ಕಸ್ ಆರೇಲಿಯಸನು ತತ್ತ್ವಜ್ಞಾನಿಯೆಂದು ಲೋಕಪ್ರಸಿದ್ಧನು. ಅವನಿಗೂ ಪತ್ನಿ ಫೌಸ್ತಿನಾಳಿಗೂ ಮಕ್ಕಳು ಹಲವರು ಹುಟ್ಟಿದರು. ಬಹುಪಾಲು ಬಾಲ್ಯದಲ್ಲಿಯೇ ತೀರಿದರು. 161ರಲ್ಲಿ ಅವಳಿಯಾಗಿ ಹುಟ್ಟಿದ ಇಬ್ಬರಲ್ಲಿ ಒಬ್ಬನು ನಾಲ್ಕನೆಯ ವಯಸ್ಸಿನಲ್ಲಿ ಸತ್ತನು, ಉಳಿದವನೇ ಕೊಮೋಡಸ್. ಇವನಿಗೆ 166ರಲ್ಲಿ, ಐದರ ಹರೆಯದಲ್ಲಿ, ಸೀಸರ್ ಪದವಿ ಬಂದಿತು. 169ರಲ್ಲಿ ಇನ್ನೊಬ್ಬ ತಮ್ಮನೂ ಮಡಿಯಲು ಗಂಡುಸಂತಾನವೆಂದರೆ ಅವನೊಬ್ಬನೇ ಆದನು. ತಂದೆಯು ದಂಡಯಾತ್ರೆಗೆ ಹೋದಾಗ ಬಾಲಕನ ಆರೋಗ್ಯವು ಮಹಾವೈದ್ಯ ಗೆಲೆನನ ವಶದಲ್ಲಿತ್ತು. 177ರಲ್ಲಿ, ಹದಿನಾರು ತುಂಬುವ ಮೊದಲೇ, ಅವನು ತಂದೆಗೆ ಸಮನಾದ ಸಹಚಕ್ರವರ್ತಿಯಾದನು. 180ರಲ್ಲಿ ತಂದೆ ತೀರಿಕೊಂಡನು. ಮಗನು ಗಡಿಯ ಯುದ್ಧವನ್ನು ಸಂಧಿಯಿಂದ ಮುಗಿಸಿ ರೋಮಕ್ಕೆ ಮರಳಿದನು. ರಾಜ್ಯಭಾರವನ್ನು ಮೆಚ್ಚಿನವರಿಗೆ ಬಿಟ್ಟನು. 182ರಲ್ಲಿ ಒಡಹುಟ್ಟಿದ ಅಕ್ಕ ಲೂಸಿಲ್ಲಾಳೇ ಅವನ ಕೊಲೆಗೆ ಸಂಚು ಹೂಡಿದಳು. 192ರ ಕೊನೆಯ ದಿನ ತನ್ನವರ ಕೈಯಿಂದಲೇ ಹತನಾದನು.

ಮಾರ್ಕಸನನ್ನು ದೂಷಿಸುವದು ಸುಲಭ. ಆತನಿಗಿಂತ ಹಿಂದಿನವರು ಯೋಗ್ಯರನ್ನು ದತ್ತು ತೆಗೆದುಕೊಂಡರು, ಇವನು ಮಾತ್ರ ಮಗನನ್ನು ನೋಡಿದನೆಂದು ಹೇಳುವರು. ಆದರೆ ಹಿಂದಿನವರಿಗೆ ಪಟ್ಟಕ್ಕೆ ಬರುವ ಸ್ವಂತ ಮಗನು ಬದುಕಿರಲಿಲ್ಲ. ಇದ್ದ ಮಗನನ್ನು ಬಿಟ್ಟು ಅನ್ಯನಿಗೆ ಪಟ್ಟ ಕೊಟ್ಟಿದ್ದರೆ ಆ ಹುಡುಗನ ಪ್ರಾಣಕ್ಕೂ ನಾಡಿನ ಶಾಂತಿಗೂ ಕೇಡು ತಪ್ಪುತ್ತಿರಲಿಲ್ಲವೆಂಬುದು ಸಂಭವನೀಯವೇ. ಆದುದರಿಂದ ಪಟ್ಟ ಕೊಟ್ಟುದೇ ದೋಷವೆನ್ನಲಾಗದು. ದೋಷವು ಬೇರೆಡೆಯಲ್ಲಿರಬೇಕು.

ಅದನ್ನು ಅರಿಯಲು ನಮ್ಮ ಸೀಮೆಯ ಕಡೆಗೇ ತಿರುಗೋಣ. ಆಳಂದದ ಅಮರ್ಜೆಯೂ ಮಳಖೇಡದ ಕಾಗಿಣೆಯೂ ಕೂಡುವದು ಒಂದೇ ಭೀಮೆಯನ್ನು. ಅಫಜಲಪುರ, ಜೇವರ್ಗಿಯವರಿಗೆ ಆ ನೀರು ಪರಿಚಿತವೇ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಆ ವಂಶದ ಧ್ರುವನು ಹಿರಿಯ ಮಗ ಸ್ತಂಭನನ್ನು ಬಿಟ್ಟು ಸಮರ್ಥನಾದ ಗೋವಿಂದನನ್ನು ತನ್ನ ಜೀವಿತಕಾಲದಲ್ಲಿಯೇ ಯುವರಾಜನನ್ನಾಗಿ ಮಾಡಿದನು. ಯೋಗ್ಯತೆಯನ್ನು ನೋಡಿ ಕೊಟ್ಟರೂ ಕಲಹವು ತಪ್ಪಲಿಲ್ಲ: ತಂದೆಯ ತರುವಾಯ ಸ್ತಂಭನು ಹನ್ನೆರಡು ಅರಸರನ್ನು ಕೂಡಿಸಿಕೊಂಡು ದಂಗೆಯೆದ್ದನು. ಗೋವಿಂದನು ಗೆದ್ದು, ಅಣ್ಣನನ್ನು ಕ್ಷಮಿಸಿ, ಗಂಗವಾಡಿಯ ಆಡಳಿತವನ್ನು ಮರಳಿ ಅವನಿಗೇ ಒಪ್ಪಿಸಿದನು.

ಇಂತಹ ಗೋವಿಂದನು 814ರಲ್ಲಿ ತೀರಿದಾಗ ಮಗ ಅಮೋಘವರ್ಷನು ಇನ್ನೂ ಬಾಲಕನು. ಲಾಟದೇಶವನ್ನಾಳುತ್ತಿದ್ದ ದಾಯಾದಿ ಕರ್ಕನು ಅವನಿಗೆ ರಕ್ಷಕನಾಗಿ ನಿಂತನು. ಸ್ವಲ್ಪ ಕಾಲದಲ್ಲಿಯೇ ಸಾಮಂತರು ತಿರುಗಿಬಿದ್ದರು. ಬಾಲಕನ ಸಿಂಹಾಸನವು ಉರುಳಿತು. ಸೈನ್ಯವಿದ್ದ, ಅದೇ ರಕ್ತದವನಾದ ಕರ್ಕನಿಗೆ ಅದನ್ನು ತಾನೇ ಏರುವ ಅವಕಾಶವಿತ್ತು. ಅವನು ಏರಲಿಲ್ಲ, 821ಕ್ಕೆ ಮೊದಲೇ ಹುಡುಗನನ್ನು ಮರಳಿ ಕೂಡಿಸಿದನು. ಆ ಹುಡುಗನೇ ಮುಂದೆ ಅರವತ್ತಕ್ಕೂ ಮಿಕ್ಕ ವರುಷ ಆಳಿದ ನೃಪತುಂಗನು. ಕವಿರಾಜಮಾರ್ಗವು ಹುಟ್ಟಿದುದು ಅವನ ಆಸ್ಥಾನದಲ್ಲಿ. ಪ್ರಜೆಗಳ ಕಂಟಕವು ನೀಗಲೆಂದು ಅವನು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟವು ಹೇಳುತ್ತದೆ. ಹೊಗಳಿಕೆಯ ಪಾಲನ್ನು ಕಳೆದರೂ, ರಾಜ್ಯವು ತನಗಾಗಿ ಅಲ್ಲ, ತಾನು ರಾಜ್ಯಕ್ಕಾಗಿ ಎಂಬ ಭಾವವೊಂದು ಉಳಿಯುತ್ತದೆ.

ಇಬ್ಬರೂ ಎಳೆಯರು, ಇಬ್ಬರೂ ಮಹಾಪುರುಷರ ಮಕ್ಕಳು. ಹಾಗಾದರೆ ಅಂತರವೆಲ್ಲಿ? ಹಿತೋಪದೇಶಕರು ಕೊಮೋಡಸನಿಗೂ ಇದ್ದರು. ಅವನ ತಂದೆಯ ಕಾಲದ ಸೇನಾನಿಗಳು ಗಡಿಯನ್ನು ಬಿಡಬೇಡವೆಂದರು. ಆದರೆ ಅವರನ್ನು ದೂರ ಸರಿಸುವ ಬಲವು ಆಗಲೇ ಅವನ ಕೈಯಲ್ಲಿತ್ತು. ಕರ್ಕನನ್ನು ಹಾಗೆ ಸರಿಸಬರುವಂತಿರಲಿಲ್ಲ. ಅವನಿಗೆ ಸ್ವಂತ ನೆಲೆಯಿತ್ತು, ಹುಡುಗನ ಸೊತ್ತಿನ ಆಸೆ ಇರಲಿಲ್ಲ. ಎರಡನೆಯದಾಗಿ, ಒಬ್ಬನು ಪದವಿಯನ್ನು ಕಳೆದುಕೊಂಡು ಮತ್ತೊಬ್ಬರ ಋಣದಿಂದ ಪಡೆದನು. ಇನ್ನೊಬ್ಬನಿಗೆ ಅದು ಉಸಿರಿನಂತೆ ಸಹಜವಾಗಿ ದೊರೆತಿತ್ತು. ಸ್ವಭಾವಭೇದವೂ ಇದ್ದೀತು, ಆದರೆ ಸ್ವಭಾವವು ನಮ್ಮ ಕೈಯಲ್ಲಿಲ್ಲ, ವ್ಯವಸ್ಥೆಯು ಇದೆ.

ನಮ್ಮ ಕಡೆಯ ಗೌಡಕಿ, ಕುಲಕರ್ಣಿಕೆಗಳು ಬಹುಕಾಲ ತಂದೆಯಿಂದ ಮಗನಿಗೆ ಇಳಿದುಬಂದವು. 1961ರ ಕಾಯಿದೆಯು ಅವನ್ನು ತೆಗೆದುಹಾಕಿತು. ಆದರೂ ಹೊಲ, ವ್ಯಾಪಾರ, ಮಠದ ಪೀಠ, ರಾಜಕೀಯದ ಸ್ಥಾನ ಇವು ಇಂದಿಗೂ ಎಳೆಯರ ಕೈಗೆ ಬರುತ್ತಲೇ ಇವೆ. ಕೊಡುವದು ಪಾಪವಲ್ಲ; ಕೊಡದೆ ವಿಧಿಯೂ ಇಲ್ಲ. ಆದರೆ ಕೊಡುವ ತಂದೆಯು ತನ್ನನ್ನು ತಾನು ಎರಡು ಮಾತು ಕೇಳಿಕೊಳ್ಳಲಿ: ನನ್ನ ಮಗನಿಗೆ ‘ಬೇಡ’ವೆನ್ನಬಲ್ಲವರೂ, ಹಾಗೆಂದುದಕ್ಕಾಗಿ ಅವನಿಂದ ಕಳೆಯಲ್ಪಡದವರೂ ಯಾರಿದ್ದಾರೆ? ಇದು ತನ್ನ ಹಕ್ಕಲ್ಲ, ತನ್ನಲ್ಲಿ ಇಟ್ಟ ನಿಕ್ಷೇಪವೆಂದು ಅವನಿಗೆ ಯಾವಾಗ ತಿಳಿದೀತು? ಇವಕ್ಕೆ ಉತ್ತರವನ್ನು ಸಿದ್ಧಮಾಡದೆ ಕೊಟ್ಟ ಐಶ್ವರ್ಯವು ವಾತ್ಸಲ್ಯದ ಹೆಸರಿನಲ್ಲಿ ಮಗನಿಗೆ ಮಾಡಿದ ಅಪಕಾರವೇ ಸರಿ.