ಮುಟ್ಟಬಾರದ್ದು ಯಾವುದು?



ಒಬ್ಬ ಮನುಷ್ಯನಿಂದ ದೂರ ನಿಲ್ಲುವುದು ಯಾವಾಗ ಸರಿ, ಯಾವಾಗ ಅನ್ಯಾಯ? ಇಂದಿನ ಧಮ್ಮ ಚಿಂತನೆಗೆ ಈ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಇದಕ್ಕೆ ಉತ್ತರ ಹುಡುಕಲು ಇಂದು ನಾನು ವಿಕಿರಣದ ವಿಷಯ ಹೇಳಬೇಕು.

ಅಂಬಲಪಾಡಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಮಣಿಪಾಲಕ್ಕೆ ದಿನಾ ಹೋಗಿ ರೇಡಿಯೇಷನ್ ಮಾಡಿಸಿಕೊಂಡು ಬರುತ್ತಿದ್ದರು. ನಮ್ಮವರು ಇದಕ್ಕೆ 'ಕರೆಂಟ್ ಕೊಡುವುದು' ಎನ್ನುತ್ತಾರೆ. ಮನೆಯವರು ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಮೊಮ್ಮಗುವನ್ನು ಹತ್ತಿರ ಬಿಡುತ್ತಿರಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಹೆದರಿಕೆ ಅಷ್ಟೆ. ಚಿಕ್ಕಮ್ಮ ನನ್ನೊಡನೆ ಒಂದೇ ಮಾತು ಹೇಳಿದರು: "ನನ್ನ ಅಜ್ಜಿಗೆ ಕಂಡವರ ಅಂಗಳದಲ್ಲಿ ಗೆರಟೆಯಲ್ಲಿ ನೀರು ಕೊಡುತ್ತಿದ್ದರಂತೆ. ನನಗೆ ನನ್ನ ಮನೆಯೊಳಗೇ ಬೇರೆ ಲೋಟ ಬಂತು."

ನಿಜ ಸಂಗತಿ ಇಷ್ಟು. ಯಂತ್ರದಿಂದ ಹೊರಗಿನಿಂದ ಕೊಡುವ ಕಿರಣ ದೇಹವನ್ನು ಹಾದುಹೋಗುತ್ತದೆ. ಯಂತ್ರ ನಿಂತ ಕ್ಷಣವೇ ಅದು ಮುಗಿಯಿತು. ಟಾರ್ಚ್ ಆರಿಸಿದ ಮೇಲೆ ಗೋಡೆಯಿಂದ ಬೆಳಕು ಬರುವುದಿಲ್ಲವಲ್ಲ, ಹಾಗೆ. ಇಂಥ ಚಿಕಿತ್ಸೆ ಪಡೆದವರನ್ನು ಅಪ್ಪಿಕೊಳ್ಳಬಹುದು, ಒಂದೇ ಬಟ್ಟಲಲ್ಲಿ ಉಣ್ಣಬಹುದು. ಮನೆಯವರು ಡಾಕ್ಟರರನ್ನೇ ಕೇಳಿ ಖಚಿತಪಡಿಸಿಕೊಂಡರು. ಅಂದೇ ಆ ಲೋಟ ಎಲ್ಲರ ಲೋಟಗಳ ಜೊತೆ ಸೇರಿತು.

ಹಾಗಾದರೆ ದೂರ ನಿಲ್ಲಬೇಕಾದ ಸಂದರ್ಭವೇ ಇಲ್ಲವೇ? ಇದೆ. ಥೈರಾಯ್ಡ್ ಕ್ಯಾನ್ಸರ್ ಇರುವ ಕೆಲವರಿಗೆ ಅಯೋಡಿನ್-131 ಎಂಬ ವಿಕಿರಣಶೀಲ ಔಷಧ ನುಂಗಿಸುತ್ತಾರೆ. ಅವರ ದೇಹದಿಂದ ಕೆಲವು ದಿನ ವಿಕಿರಣ ಹೊರಬರುತ್ತದೆ. ಆದ್ದರಿಂದ ಮಕ್ಕಳು, ಗರ್ಭಿಣಿಯರಿಂದ ಸ್ವಲ್ಪ ದಿನ ದೂರವಿರಲು ಡಾಕ್ಟರು ಹೇಳುತ್ತಾರೆ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ, ಹದಿನಾರು ದಿನಕ್ಕೆ ಕಾಲು ಭಾಗ. ಮೂತ್ರದಲ್ಲಿ ಹೋಗುವುದರಿಂದ ದೇಹದಲ್ಲಿ ಇನ್ನೂ ಬೇಗ ಕಡಿಮೆಯಾಗುತ್ತದೆ. ಈ ದೂರಕ್ಕೆ ಕಾರಣವಿದೆ, ಅಳೆಯುವ ಉಪಕರಣವಿದೆ, ಮುಗಿಯುವ ದಿನವಿದೆ. ಔಷಧ ನುಂಗಿದವರು ಯಾವ ಮನೆಯಲ್ಲಿ ಹುಟ್ಟಿದರು ಎಂದು ಆ ಉಪಕರಣ ಕೇಳುವುದಿಲ್ಲ.

ಈಗ ಮೈಲಿಗೆಯನ್ನು ಇದರ ಪಕ್ಕ ಇಟ್ಟು ನೋಡಿ. ಅದೂ ಕಣ್ಣಿಗೆ ಕಾಣದು, ಮುಟ್ಟಿದರೆ ಹರಡುತ್ತದಂತೆ. ಆದರೆ ಅದನ್ನು ಅಳೆದವರಿಲ್ಲ. ತಲೆಮಾರು ಕಳೆದರೂ ಅದು ಅರ್ಧವಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣರು ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಮಡಕೆಗಳನ್ನು ಕೆರೆಗೆ ಅದ್ದಿ 'ಶುದ್ಧಿ' ಮಾಡಿದರು. ಅವರು ಕುಡಿದದ್ದರಿಂದ ನೀರಿನಲ್ಲಿ ಏನು ಬದಲಾಗಿತ್ತು? ಏನೂ ಇಲ್ಲ.

ಇನ್ನೊಂದು ಸಂಗತಿ. ನಮ್ಮೆಲ್ಲರ ದೇಹದಲ್ಲೂ ಪೊಟ್ಯಾಶಿಯಂ ಇದೆ. ಅದರಲ್ಲಿ ಅತಿ ಚಿಕ್ಕ ಪಾಲು ವಿಕಿರಣಶೀಲ ಪೊಟ್ಯಾಶಿಯಂ-40. ಒಬ್ಬ ವಯಸ್ಕರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಇದರ ಸುಮಾರು 4,000 ಪರಮಾಣುಗಳು ಒಡೆಯುತ್ತಿರುತ್ತವೆ. ಮಣ್ಣು, ಗಾಳಿ, ಆಕಾಶದಿಂದಲೂ ವಿಕಿರಣ ಬರುತ್ತಿದೆ. ನಮ್ಮ ಕರಾವಳಿಯ ಉಳ್ಳಾಲದ ಕಡಲ ಮರಳಿನಲ್ಲಿ ಥೋರಿಯಂ ಇರುವ ಮೊನಾಜೈಟ್ ಕಣಗಳಿರುವುದರಿಂದ ಅಲ್ಲಿ ಅದು ಸ್ವಲ್ಪ ಹೆಚ್ಚು. ಗರ್ಭಗುಡಿಯೊಳಗೆ ನಿಂತವರು, ಹೊರಗೆ ನಿಲ್ಲಿಸಲ್ಪಟ್ಟವರು, ಇಬ್ಬರ ದೇಹದಲ್ಲೂ ಇದೇ ನಡೆಯುತ್ತಿದೆ. ಇದರಲ್ಲಿ ಮಡಿಯವರು ಯಾರೂ ಇಲ್ಲ.

ಆದರೆ ವಿಕಿರಣಕ್ಕೆ ಹೆದರಲೇಬೇಡಿ ಎಂದು ಹೇಳುವುದೂ ಧಮ್ಮವಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೆಯ ಗಾಮಾ ಉಪಕರಣವೊಂದು ಹರಾಜಾಗಿ ಮಾಯಾಪುರಿಯ ಗುಜರಿಗೆ ಹೋಯಿತು. ಒಳಗೆ ಕೋಬಾಲ್ಟ್-60 ಇತ್ತು. ಗೊತ್ತಿಲ್ಲದೆ ಬಿಚ್ಚಿದ ಕೆಲಸಗಾರರ ಕೈ, ಮೈ ಸುಟ್ಟವು. ಒಬ್ಬರು ತೀರಿಕೊಂಡರು. ಅವರಿಗೆ 'ದೂರ ನಿಲ್ಲಿ' ಎಂದು ಯಾರೂ ಹೇಳಿರಲಿಲ್ಲ.

ಬಂಧುಗಳೇ, ನನ್ನನ್ನು ಕಾಡುವುದು ಇದೇ. ಅಪಾಯವೇ ಇಲ್ಲದಲ್ಲಿ ನಮ್ಮನ್ನು ಸಾವಿರಾರು ವರ್ಷ ದೂರ ನಿಲ್ಲಿಸಿದರು. ನಿಜವಾದ ಅಪಾಯ ಇರುವಲ್ಲಿಗೆ, ಚರಂಡಿಗೆ, ಗುಜರಿಗೆ, ಕಸದ ರಾಶಿಗೆ, ಏನೂ ಹೇಳದೆ ಬರಿಗೈಯಲ್ಲಿ ಕಳಿಸುತ್ತಾರೆ. ಈ ಎರಡೂ ಒಂದೇ ಅಜ್ಞಾನದ ಮಕ್ಕಳು. ಕೇಳಿದ ಮಾತು, ಹಿಂದಿನಿಂದ ಬಂದ ರೂಢಿ ಎಂಬ ಕಾರಣಕ್ಕೆ ಯಾವುದನ್ನೂ ಒಪ್ಪಬೇಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದರು. ಸಮ್ಯಕ್ ದೃಷ್ಟಿ ಎಂದರೆ ಹೆದರಿಕೆಯನ್ನೂ ಹೀಗೆ ಪರೀಕ್ಷೆ ಮಾಡಿ ನೋಡುವುದು.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ರೋಗದ ಹೆಸರಿನಲ್ಲಿ ಯಾರನ್ನಾದರೂ ದೂರ ಇಟ್ಟಿದ್ದರೆ ಕೇಳಿ. ಯಾತಕ್ಕಾಗಿ? ಎಷ್ಟು ದೂರ? ಎಂದಿನವರೆಗೆ? ಉತ್ತರ ಇಲ್ಲದಿದ್ದರೆ ಅವರ ಪಕ್ಕದಲ್ಲಿ ಕೂತು ಊಟ ಮಾಡಿ. ಗುಜರಿ, ಕಸದ ಕೆಲಸ ಮಾಡುವ ನಮ್ಮವರಿಗೆ ಇದನ್ನೂ ತಿಳಿಸಿ: ಹಳದಿ ಬಣ್ಣದ ಮೇಲೆ ಮೂರು ಎಸಳಿನ ಗುರುತು ಇರುವ ವಸ್ತು ಕಂಡರೆ ಮುಟ್ಟಬಾರದು, ಬಿಚ್ಚಬಾರದು. ದೂರ ಸರಿದು ಪೊಲೀಸರಿಗೆ ಹೇಳಬೇಕು.

ಭವತು ಸಬ್ಬ ಮಂಗಲಂ. ಜೈ ಭೀಮ್.