ರಶೀದಿಯಿಲ್ಲದ ಬೆವರು

ಒಳ್ಳೆಯ ಅಭ್ಯಾಸಕ್ಕೆ ಸರಕಾರ ಹಣ ಕೊಡಬಹುದೇ? ದೇಹ ನಮ್ಮದು, ಅದನ್ನು ದಂಡಿಸಿದರೆ ಬರುವ ಆರೋಗ್ಯವೂ ನಮ್ಮದು. ಅದಕ್ಕೆ ಬೇರೆ ಬಹುಮಾನವೇಕೆ ಎಂದು ಕೇಳುವವರಿದ್ದಾರೆ. ಆದರೆ ಕಷಾಯ ಕುಡಿಯಲೊಲ್ಲದ ಮಗುವಿನ ಕೈಗೆ ತಾಯಿ ಬೆಲ್ಲದ ತುಂಡು ಕೊಟ್ಟರೆ ಯಾರೂ ಅದನ್ನು ಅಧರ್ಮವೆನ್ನುವುದಿಲ್ಲ. ಒಬ್ಬನ ಕಾಯಿಲೆಯ ಖರ್ಚು ಎಲ್ಲರ ಬೊಕ್ಕಸದ ಮೇಲೂ ಬೀಳುವುದರಿಂದ ಸರಕಾರ ಬೆಲ್ಲ ಹಂಚುವುದರಲ್ಲಿ ತಪ್ಪಿಲ್ಲ. ನ್ಯಾಯದ ಪ್ರಶ್ನೆ ಇರುವುದು ಬೇರೆ ಕಡೆ: ಆ ಬೆಲ್ಲ ಯಾರ ಕೈ ಸೇರುತ್ತದೆ?

ಕೆನಡಾ ದೇಶದ ಅನುಭವ ಇಲ್ಲಿ ಗಮನಾರ್ಹ. 2007ರಲ್ಲಿ ಅಲ್ಲಿನ ಕೇಂದ್ರ ಸರಕಾರ ಮಕ್ಕಳ ವ್ಯಾಯಾಮಕ್ಕೆಂದು ತೆರಿಗೆ ರಿಯಾಯಿತಿ ತಂದಿತು. ಮಗುವನ್ನು ಈಜು, ಹಾಕಿಯಂಥ ತರಬೇತಿಗೆ ಸೇರಿಸಿದ ಹೆತ್ತವರಿಗೆ 500 ಡಾಲರ್‌ವರೆಗಿನ ಶುಲ್ಕದ ಶೇಕಡಾ 15ರಷ್ಟು, ಎಂದರೆ ಹೆಚ್ಚೆಂದರೆ 75 ಡಾಲರ್, ತೆರಿಗೆಯಲ್ಲಿ ಉಳಿಯುತ್ತಿತ್ತು. ಆದರೆ ಮೊದಲು ಶುಲ್ಕ ಕಟ್ಟಲು ಕೈಯಲ್ಲಿ ಹಣವಿರಬೇಕು, ಕಟ್ಟಿದ್ದಕ್ಕೆ ರಶೀದಿಯಿರಬೇಕು, ಕಳೆಯಲು ತೆರಿಗೆಯೂ ಇರಬೇಕು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಏನೂ ಸಿಗುತ್ತಿರಲಿಲ್ಲ. ಕಡಿಮೆ ಆದಾಯದ ಹೆತ್ತವರಲ್ಲಿ ಈ ಸವಲತ್ತು ಪಡೆದವರು ಕಡಿಮೆಯೆಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಕಂಡುಕೊಂಡಿತು. 2015ರಲ್ಲಿ ತೆರಿಗೆಯಿಲ್ಲದವರಿಗೂ ಹಣ ಸಿಗುವಂತೆ ನಿಯಮ ತಿದ್ದಿದರು. 2017ರಿಂದ ಯೋಜನೆಯೇ ಇಲ್ಲವಾಯಿತು.

ಹೀಗೆ ಸರಕಾರದ ಹಣ ರಶೀದಿಯ ಹಿಂದೆ ಹೋಯಿತು. ಓಣಿಯಲ್ಲಿ ಗೆಳೆಯರೊಡನೆ ಸಂಜೆಯವರೆಗೆ ಓಡಿದ ಮಗುವೂ ಬೆವರಿತ್ತು. ಆ ಬೆವರು ಯಾರ ಲೆಕ್ಕಕ್ಕೂ ಬರಲಿಲ್ಲ. ಕಚೇರಿ ತನಗೆ ಅಳೆಯಲು ಸಿಕ್ಕಿದ್ದಕ್ಕೆ ಮಾತ್ರ ಪ್ರೋತ್ಸಾಹ ಕೊಡಬಲ್ಲುದು.

ನಮ್ಮ ಕಂಗಿನ ತೋಟಗಳಲ್ಲಿ ಮರದಿಂದ ಮರಕ್ಕೆ ಏರುವ ಕೆಲಸದವನನ್ನು ನೆನೆಯಿರಿ. ಅವನಿಗೆ ವ್ಯಾಯಾಮದ ಪ್ರೋತ್ಸಾಹ ಬೇಡ, ನಿಜ. ಅವನಿಗೆ ಬೇಕಾದುದು ವಿಶ್ರಾಂತಿ. ಅವನ ಮಗಳಿಗೆ ಬೇಕಾದುದು ಶಾಲೆಯ ಬಳಿ ಸಮತಟ್ಟಾದ ಒಂದು ಬಯಲು. ದಿನವಿಡೀ ಕೂತು ಬೀಡಿ ಕಟ್ಟುವವಳು ಸಂಜೆ ಅರ್ಧ ಗಂಟೆ ನಡೆಯಬೇಕಾದರೆ ಅವಳಿಗೆ ಬಿಡುವು ಬೇಕು, ವಾಹನಗಳ ಭಯವಿಲ್ಲದ ದಾರಿ ಬೇಕು, ದಾರಿಯಲ್ಲೊಂದು ದೀಪ ಬೇಕು. ಬಯಲಿಗೂ ದೀಪಕ್ಕೂ ರಶೀದಿ ತೋರಿಸಬೇಕಾಗಿಲ್ಲ. ಅವು ಬಡವ ಬಲ್ಲಿದರೆಂಬ ಭೇದವೆಣಿಸುವುದಿಲ್ಲ.

ಬೆಲ್ಲ ಹಂಚುವ ಮೊದಲು ಆಡಲು ಅಂಗಳ ಉಂಟೇ ಎಂದು ನೋಡುವುದು ಸರಕಾರದ ಧರ್ಮ. ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯೂ ಅದೇ.