ಆ ಭಯ ಯಾರದು?

ಥ್ರಿಲ್ಲರ್ ಎಂದರೆ ಭಯದ ವ್ಯಾಪಾರ. ಆ ಭಯ ಯಾರದು ಎಂಬ ಪ್ರಶ್ನೆ ನನಗೆ ಎದುರಾದದ್ದು ಪುಣೆಯಲ್ಲಿ, ನಾವು ನಾಲ್ವರು ವಿದ್ಯಾರ್ಥಿಗಳು ಕಿರುಚಿತ್ರಕ್ಕಾಗಿ ರಾತ್ರಿ ಟೆಸ್ಟ್ ಶೂಟ್ ಮಾಡುತ್ತಿದ್ದಾಗ.

ನೋಡಬೇಕಿದ್ದದ್ದು ಬೆಳಕನ್ನಷ್ಟೇ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್; ಶಟರ್ ಅದಕ್ಕೆ ಹೊಂದದಿದ್ದರೆ ಬೀದಿದೀಪ ಪರದೆಯ ಮೇಲೆ ಮಿನುಗುತ್ತದೆ. 1/50 ಸೆಕೆಂಡಿಗೆ ಇಟ್ಟೆವು, ಮಿನುಗು ನಿಂತಿತು. ಅಷ್ಟರಲ್ಲಿ ಹೆಂಗಸೊಬ್ಬರು ಫ್ರೇಮಿನೊಳಗೆ ಬಂದರು. ಕತ್ತಲಲ್ಲಿ ನಿಂತಿದ್ದ ನಮ್ಮನ್ನು ಕಂಡು, ಚೀಲವನ್ನು ಎದೆಗವಚಿಕೊಂಡು, ಬಿರಬಿರನೆ ನಡೆದುಹೋದರು. ನಮ್ಮ ನಟಿಗೆ ಹತ್ತು ಟೇಕಿನಲ್ಲೂ ಬಾರದ ಭಯ ಅದು. "ಇದನ್ನೇ ಇಟ್ಕೊಳ್ಳೋಣ, ಮುಖ ಕಾಣಲ್ವಲ್ಲ," ಎಂದ ಗೆಳೆಯ.

ಮುಖ ಕಾಣದಿದ್ದರೆ ಭಯ ಅವರದಲ್ಲವೇ? ಮೈಕಲ್ ಪೊವೆಲ್ ಅವರ 1960ರ 'ಪೀಪಿಂಗ್ ಟಾಮ್' ಚಿತ್ರದ ಕೊಲೆಗಾರ ಸಾಯುವವರ ಭೀತಿಯನ್ನೇ ಚಿತ್ರೀಕರಿಸುತ್ತಾನೆ. ನಾವು ಅವನಲ್ಲ, ನಿಜ. ಆದರೆ ನಟನೆಗಿಂತ ಅಸಲಿ ಭಯವೇ ಚೆಂದ ಎನ್ನುವ ಲೆಕ್ಕ ಅವನದೂ ಹೌದು.

ನಟಿ ಒಪ್ಪಿಕೊಂಡು ಹೆದರುತ್ತಾಳೆ, 'ಕಟ್' ಎಂದೊಡನೆ ನಗುತ್ತಾಳೆ. ಆ ಹೆಂಗಸಿಗೆ 'ಕಟ್' ಹೇಳುವವರು ಯಾರು? ಪರವೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಒಬ್ಬರೇ ರೂಮಿಗೆ ಮರಳುವ ನಮ್ಮಲ್ಲಿ ಎಷ್ಟೋ ಮಂದಿಗೆ ಆ ನಡಿಗೆ ಗೊತ್ತು.

ವಾದ ಅರ್ಧ ಗಂಟೆ ನಡೆಯಿತು. ಕೊನೆಗೆ ತುಣುಕನ್ನು ಅಳಿಸಿದೆವು. ಟೆಸ್ಟ್ ಫೂಟೇಜನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಅದಕ್ಕೆ ನೀತಿ ಬೇಡ ಎನ್ನುವವರಿದ್ದಾರೆ. ನನಗನ್ನಿಸುವುದು ಬೇರೆ: ಯಾರೂ ನೋಡದ ಕಡೆ ಏನನ್ನು ಉಳಿಸಿಕೊಳ್ಳುತ್ತೇವೋ, ಮುಂದೆ ಎಲ್ಲರಿಗೂ ತೋರಿಸುವುದು ಅದನ್ನೇ.